ನಶ್ಯದ ಶೀಶೆಯ ಹಿಂದೆ ಬಿದ್ದು

ನನ್ನ ಆಫೀಸ್ ಮೇಜಿನ ಮೇಲೆ, ಲ್ಯಾಪ್‌ಟಾಪು ಮತ್ತು ಕಾಫಿ ಮಗ್ಗಿನ ನಡುವೆ, ಒಂದು ಪುಟ್ಟ ಮಣ್ಣಿನ ಶೀಶೆ ಕೂತಿದೆ. ಎತ್ತರ ಆರು ಸೆಂಟಿಮೀಟರು. ಅಂಗೈ ಮಡಚಿದರೆ ಒಳಗೇ ಮಾಯ. ಹುರಿದ ಕಾಫಿ ಬೀಜದ ಬಣ್ಣಕ್ಕೆ ಒಂಚೂರು ನೇರಳೆ ಬೆರೆಸಿದ ಹಾಗಿದೆ ಮೈ. ಅದರ ಮೇಲೆ ತಿಳಿಹಳದಿ ಮಣ್ಣಿನಲ್ಲೇ ಬರೆದ ಒಂದು ಬೆಟ್ಟ, ಬಾಗಿದ ಮರ, ಒಂಟಿ ದೋಣಿ. ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಟೀಮಿನ ಹುಡುಗಿ ಅತ್ತರಿನ ಬಾಟಲಿ ಅಂದಳು. ಮ್ಯಾನೇಜರ್ ಬಗ್ಗಿ ನೋಡಿ, 'ಏನ್ರೀ, ಆಯುರ್ವೇದಾನಾ?' ಅಂದರು. ಇಬ್ಬರೂ ಪೂರ್ತಿ ತಪ್ಪಲ್ಲ, ಅದೇ ತಮಾಷೆ.

ಅದು ನಶ್ಯದ ಶೀಶೆ. ಚೀನಾದ್ದು. ಅಲ್ಲಿನವರು ಇದಕ್ಕೆ 'ಬಿಯೆನ್‌ಹು' ಅನ್ನುತ್ತಾರೆ. ಬಿ ಅಂದರೆ ಮೂಗು, ಯೆನ್ ಅಂದರೆ ಹೊಗೆ ಅಥವಾ ತಂಬಾಕು, ಹು ಅಂದರೆ ಹೂಜಿ. ಮೂಗಿನ ಹೊಗೆಯ ಹೂಜಿ! ನಶ್ಯದಲ್ಲಿ ಹೊಗೆ ಎಲ್ಲಿಂದ ಬಂತು ಸ್ವಾಮಿ ಅಂತ ಕೇಳಬೇಡಿ. ಭಾಷೆಗಳು ಹಾಗೇ.

ನಮ್ಮ ತಲೆಮಾರಿಗೆ ನಶ್ಯ ಅಂದರೆ ಗೊತ್ತಿರುತ್ತೋ ಇಲ್ಲವೋ. ನಮ್ಮ ತಾತ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಚಿಟಿಕೆ ಹಿಡಿದು, ಎಡಕ್ಕೊಂದು ಬಲಕ್ಕೊಂದು ಏರಿಸಿ, ಕಣ್ಣು ಮುಚ್ಚಿ, ಎರಡು ಸೆಕೆಂಡು ಜಗತ್ತನ್ನೇ ನಿಲ್ಲಿಸುತ್ತಿದ್ದರು. ಆಮೇಲೆ ಸೀನು. ಅವರ ಪಂಚೆಯ ತುದಿ ಸದಾ ಕಂದು. ಶ್ರೀಮಂತ ನೆಂಟರ ಮನೆಗೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಬೆಳ್ಳಿ ನಶ್ಯದ ಡಬ್ಬಿಯೊಂದು ನನಗೆ ಚೆನ್ನಾಗಿ ನೆನಪಿದೆ. ಈ ಶೀಶೆಯ ಹುಚ್ಚು ಹಿಡಿಯಲು ಅದೇ ಕಾರಣವಿರಬೇಕು.

ಚೀನಾಕ್ಕೆ ನಶ್ಯ ಬಂದದ್ದು ಹೊರಗಿನಿಂದ. ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಅದನ್ನು ಬ್ರೆಜಿಲ್‌ನ ಬಾಹಿಯಾದಲ್ಲಿ ಗುಲಾಮರ ಕೈಯಲ್ಲಿ ಬೆಳೆಸಿದರು. ಅದರಲ್ಲಿ ಕೀಳುದರ್ಜೆಯದನ್ನು ಪಶ್ಚಿಮ ಆಫ್ರಿಕಾಕ್ಕೆ ಸಾಗಿಸಿ ಮತ್ತಷ್ಟು ಗುಲಾಮರನ್ನು ಕೊಂಡರು. ಒಳ್ಳೆಯದು ಲಿಸ್ಬನ್‌ಗೆ ಹೋಯಿತು. ಅಲ್ಲಿಂದ ಅವರ ಹಡಗುಗಳು ಗೋವಾ, ಮಕಾವ್ ದಾರಿ ಹಿಡಿಯುತ್ತಿದ್ದವು. 'ಅಮೊಸ್ತ್ರಿನ್ಯಾ' ಅಂತ ಕರೆಯುತ್ತಿದ್ದ ನಯವಾದ ನಶ್ಯ ಬೀಜಿಂಗ್ ಅರಮನೆಗೆ ಕಾಣಿಕೆಯಾಗಿ ಹೋಗುತ್ತಿತ್ತು. ಚೀನಾ ಚಕ್ರವರ್ತಿಯ ಮೂಗಿಗೆ ಹೊರಟ ಪುಡಿ ನಮ್ಮ ಕಾರವಾರದ ಪಕ್ಕದ ಬಂದರಿನ ಗಾಳಿ ಕುಡಿದೇ ಹೋಗುತ್ತಿತ್ತು ಅಂದುಕೊಂಡರೆ ನನಗಂತೂ ಖುಷಿ.

ಚೀನಾದಲ್ಲಿ ತಂಬಾಕಿನ ಬಗ್ಗೆ ಸರ್ಕಾರಕ್ಕೆ ಒಳ್ಳೆ ಅಭಿಪ್ರಾಯವಿರಲಿಲ್ಲ. ಮಿಂಗ್ ವಂಶದ ಕೊನೆಗಾಲದಲ್ಲಿ, 1630ರ ದಶಕದ ಕೊನೆಯ ಹೊತ್ತಿಗೆ, ಸೇದುವುದನ್ನೇ ನಿಷೇಧಿಸಿ ಆಜ್ಞೆ ಹೊರಟಿತ್ತು. ಯಾರು ಕೇಳುತ್ತಾರೆ? 1644ರಲ್ಲಿ ಮಂಚೂ ಜನರ ಚಿಂಗ್ ವಂಶ ಬೀಜಿಂಗ್ ಹಿಡಿಯಿತು. ಆ ವಂಶದ ಕಾಂಗ್‌ಶಿ ಚಕ್ರವರ್ತಿಗೆ ಸೇದುವುದು ಹಿಡಿಸುತ್ತಿರಲಿಲ್ಲ. ಆದರೆ 1684ರಲ್ಲಿ ಅವನು ದಕ್ಷಿಣದ ಪ್ರವಾಸದಲ್ಲಿ ನಾನ್‌ಜಿಂಗ್‌ಗೆ ಬಂದಾಗ ಜೆಸ್ಯೂಟ್ ಪಾದ್ರಿಗಳು ತಂದ ಕಾಣಿಕೆಗಳಲ್ಲಿ ಉಳಿದದ್ದನ್ನೆಲ್ಲ ಮರ್ಯಾದೆಯಾಗಿ ವಾಪಸ್ ಕೊಟ್ಟು, ನಶ್ಯವನ್ನು ಮಾತ್ರ ಇಟ್ಟುಕೊಂಡ. ಹೊಗೆ ಕೆಟ್ಟದ್ದು, ಪುಡಿ ಒಳ್ಳೆಯದು! ಪುಡಿಗೆ ಔಷಧದ ಹೆಸರಿತ್ತು ನೋಡಿ. ನೆಗಡಿ, ತಲೆನೋವು, ಹೊಟ್ಟೆನೋವು ಎಲ್ಲಕ್ಕೂ ಒಂದೇ ಮದ್ದು. ವಾಂಗ್ ಶಿಜೆನ್ ಎಂಬ ಕವಿ, ದೊಡ್ಡ ಅಧಿಕಾರಿ, 18ನೇ ಶತಮಾನದ ಆರಂಭದಲ್ಲೇ ನಶ್ಯವನ್ನೂ ಅದನ್ನಿಡುವ ಗಾಜಿನ ಶೀಶೆಗಳನ್ನೂ ತನ್ನ ಟಿಪ್ಪಣಿಗಳಲ್ಲಿ ದಾಖಲಿಸಿದ್ದಾನೆ. ಕಣ್ಣಿಗೆ ಒಳ್ಳೆಯದಂತೆ.

ಯುರೋಪಿನವರು ನಶ್ಯವನ್ನು ಚಪ್ಪಟೆ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಚೀನಾದ ಹವೆಯಲ್ಲಿ ಡಬ್ಬಿಯ ಪುಡಿ ತೇವ ಹಿಡಿದು ಗಂಟು ಕಟ್ಟುತ್ತಿತ್ತು, ಉದ್ದ ನಿಲುವಂಗಿಯ ತೋಳಿನೊಳಗೆ ಚೆಲ್ಲಿಯೂ ಹೋಗುತ್ತಿತ್ತು. ಆಗ ಕೈಗೆ ಸಿಕ್ಕಿದ್ದು ಮದ್ದಿನ ಅಂಗಡಿಯ ಪುಟ್ಟ ಶೀಶೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಬಿರಡೆ ಬಿಗಿ. ಬಿರಡೆಗೆ ದಂತದ್ದೋ ಬಿದಿರಿನದ್ದೋ ಒಂದು ತೆಳ್ಳನೆ ಚಮಚ ಅಂಟಿಸಿದರಾಯಿತು. ಮುಚ್ಚಳ ತೆಗೆದರೆ ಚಮಚವೂ ಬರುತ್ತದೆ, ಅದರ ತುದಿಯ ಪುಡಿಯನ್ನು ಹೆಬ್ಬೆರಳ ಉಗುರಿನ ಮೇಲೋ ಪುಟ್ಟ ತಟ್ಟೆಯ ಮೇಲೋ ಸುರಿದು ಏರಿಸುವುದು. ಅಂದರೆ ಇಡೀ ಕಲೆ ಶುರುವಾಗಿದ್ದು ಖಾಲಿ ಔಷಧಿ ಬಾಟಲಿಯಿಂದ. ನಮ್ಮ ಮ್ಯಾನೇಜರ್ ಊಹೆ ಪೂರ್ತಿ ತಪ್ಪಲ್ಲ ಅಂದದ್ದು ಇದಕ್ಕೇ.

ಆಮೇಲೆ ಹಬ್ಬಿತು ನೋಡಿ ಹುಚ್ಚು. 1696ರಲ್ಲಿ ಕಾಂಗ್‌ಶಿ ಅರಮನೆಯ ಗಾಜಿನ ಕಾರ್ಖಾನೆ ತೆರೆಸಿದ. ಅದನ್ನು ಕಟ್ಟಿಕೊಟ್ಟವನು ಕಿಲಿಯನ್ ಸ್ಟುಂಫ್ ಎಂಬ ಜರ್ಮನ್ ಪಾದ್ರಿ. ಮೊಮ್ಮಗ ಚಿಯೆನ್‌ಲುಂಗ್‌ನ ಕಾಲಕ್ಕೆ ಗಾಜು, ಜೇಡ್, ಅಗೇಟ್, ಹವಳ, ದಂತ, ಪಿಂಗಾಣಿ, ಅರಗು, ಸೋರೆಬುರುಡೆ, ಹೀಗೆ ಯಾವುದನ್ನು ಟೊಳ್ಳು ಮಾಡಬಹುದೋ ಅದೆಲ್ಲ ನಶ್ಯದ ಶೀಶೆಯಾಯಿತು. ಕೆಲವು ಅಗೇಟ್ ಶೀಶೆಗಳ ಒಳಗನ್ನು ಎಷ್ಟು ತೆಳ್ಳಗೆ ಕೊರೆದಿದ್ದಾರೆ ಅಂದರೆ, ಕಲ್ಲಿನದ್ದಾದರೂ ನೀರಿನ ಮೇಲೆ ತೇಲುತ್ತವೆ. ಅಧಿಕಾರಿಗಳು ಲಂಚಕ್ಕೂ ಕೊಡುತ್ತಿದ್ದರು, ಮದುವೆಗೂ ಕೊಡುತ್ತಿದ್ದರು. ಇಬ್ಬರು ಎದುರಾದರೆ ಮೊದಲು ಶೀಶೆ ಮುಂದೆ ಮಾಡುವುದು, ನಾವು ಎಲೆ ಅಡಿಕೆ ತಟ್ಟೆ ಸರಿಸುವ ಹಾಗೆ. ಮಂಗೋಲಿಯಾದಲ್ಲಿ ಈಗಲೂ ಈ ಪದ್ಧತಿ ಜೀವಂತ. ಹೊಸ ವರ್ಷದ ಹಬ್ಬದಲ್ಲಿ ಹಿರಿಯರು ಬಲಗೈಯಲ್ಲಿ ಶೀಶೆ ಚಾಚುತ್ತಾರೆ. ನಿಮಗೆ ನಶ್ಯ ಬೇಡವಾದರೂ ತೆಗೆದುಕೊಂಡು, ಮೂಸಿ, ವಾಪಸ್ ಕೊಡಬೇಕು. ಬೇಡ ಅಂದರೆ ಅವಮಾನ.

ಇಲ್ಲಿಗೆ ಬಂದಮೇಲೆ ನನ್ನ ಶೀಶೆಯ ಜಾತಿ ಹೇಳಬೇಕು. ಅದು ಸ್ಟೋನ್‌ವೇರ್. ಕನ್ನಡದಲ್ಲಿ ಇದಕ್ಕೆ ಸರಿಯಾದ ಒಂದೇ ಪದ ನನಗೆ ಹೊಳೆಯುತ್ತಿಲ್ಲ. ಆದರೆ ವಸ್ತು ನಮ್ಮೆಲ್ಲರ ಅಡುಗೆಮನೆಯಲ್ಲೇ ಇದೆ. ಮೇಲೆ ಕಂದು, ಕೆಳಗೆ ಕೆನೆಬಣ್ಣದ ಉಪ್ಪಿನಕಾಯಿ ಜಾಡಿ ಇದೆಯಲ್ಲ, ನಾವು ಪಿಂಗಾಣಿ ಜಾಡಿ ಅಂತ ಕರೆಯುವುದು, ಅದು ನಿಜಕ್ಕೂ ಪಿಂಗಾಣಿ ಅಲ್ಲ, ಸ್ಟೋನ್‌ವೇರೇ. ಮಡಕೆಗಿಂತ ಹೆಚ್ಚು ಕಾವಿನಲ್ಲಿ, ಕಲ್ಲಿನಷ್ಟು ಗಟ್ಟಿಯಾಗುವ ತನಕ ಸುಟ್ಟ ಮಣ್ಣು. ಬೆಳಕಿಗೆ ಹಿಡಿದರೆ ಪಿಂಗಾಣಿಯ ಹಾಗೆ ಹೊಳೆಯುವುದಿಲ್ಲ. ಬೆರಳಲ್ಲಿ ತಟ್ಟಿದರೆ ಮಾತ್ರ ಮಡಕೆಯ ಹಾಗೆ 'ದಬ್' ಅನ್ನದೆ ಟಣ್ ಅನ್ನುತ್ತದೆ.

ಚೀನಾದಲ್ಲಿ ಈ ಮಣ್ಣಿಗೆ ತವರೂರು ಈಶಿಂಗ್. ಜಿಯಾಂಗ್ಸು ಪ್ರಾಂತ್ಯದಲ್ಲಿ, ತಾಯ್‌ಹು ಎಂಬ ದೊಡ್ಡ ಕೆರೆಯ ಪಶ್ಚಿಮ ದಡಕ್ಕಿದೆ. ಅಲ್ಲಿನ ಹುವಾಂಗ್‌ಲುಂಗ್ ಗುಡ್ಡದಿಂದ ಅಗೆದ ಮಣ್ಣಿಗೆ 'ಜಿಶಾ', ಅಂದರೆ ನೇರಳೆ ಮರಳು, ಅಂತ ಹೆಸರು. ಅಗೆಯುವಾಗ ಅದು ಕಲ್ಲೇ. ಬಿಸಿಲು ಮಳೆಗೆ ಒಡ್ಡಿ, ಪುಡಿ ಮಾಡಿ, ಜರಡಿ ಹಿಡಿದು, ನೀರು ಸೇರಿಸಿ ಹದ ಮಾಡುತ್ತಾರೆ. ಕಬ್ಬಿಣದ ಅಂಶ ಜಾಸ್ತಿ. ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಗುಡ್ಡದ ಯಾವ ಪದರದ ಮಣ್ಣು ಅನ್ನುವುದರ ಮೇಲೆ ನೇರಳೆ, ಕೆಂಪು, ತಿಳಿಹಳದಿ ಬಣ್ಣಗಳು ಬರುತ್ತವೆ. ಮೇಲೆ ಗಾಜಿನ ಹೊಳಪು ಬಳಿಯುವುದಿಲ್ಲ. ಮಣ್ಣು ಮಣ್ಣಾಗಿಯೇ ಕಾಣಬೇಕು, ಅದೇ ಅದರ ಗತ್ತು.

ಈಶಿಂಗ್ ಪ್ರಸಿದ್ಧವಾದದ್ದು ಟೀ ಪಾಟ್‌ಗಳಿಂದ, 16ನೇ ಶತಮಾನದಿಂದ ಈಚೆಗೆ. ಅಲ್ಲಿನ ಕುಂಬಾರರು ಟೀ ಪಾಟ್‌ಗೆ ತಿಗರಿಯನ್ನೇ ಬಳಸುವುದಿಲ್ಲ. ಮಣ್ಣನ್ನು ಮರದ ಸುತ್ತಿಗೆಯಲ್ಲಿ ರೊಟ್ಟಿಯ ಹಾಗೆ ತಟ್ಟಿ, ಕತ್ತರಿಸಿ, ಸುತ್ತಿ, ಜೋಡಿಸುತ್ತಾರೆ. 18ನೇ ಶತಮಾನದ ಕೊನೆಯಿಂದ 19ನೇ ಶತಮಾನದ ಉದ್ದಕ್ಕೂ ಇದೇ ಮಣ್ಣಿನಲ್ಲಿ ನಶ್ಯದ ಶೀಶೆಗಳೂ ಬಂದವು. ಬಣ್ಣದ ಮಣ್ಣನ್ನೇ ಕೆನೆಯ ಹದಕ್ಕೆ ಕಲಸಿ, ಕುಂಚದಲ್ಲಿ ಅದ್ದಿ, ಸುಡುವ ಮೊದಲು ಮೈಮೇಲೆ ಬೆಟ್ಟ ನದಿ ಬರೆಯುತ್ತಿದ್ದರು. ಸರೋವರದ ನಾಡಿನವರು, ಅವರಿಗೆ ಕಂಡದ್ದೇ ಅದು.

ಜೇಡ್ ಹವಳ ಇರುವಾಗ ಮಣ್ಣಿನ ಶೀಶೆ ಯಾರಿಗೆ ಬೇಕಿತ್ತು? ಕಾಸಿಲ್ಲದವರಿಗೆ ಅಂತ ನಾನೂ ಅಂದುಕೊಂಡಿದ್ದೆ. ಅದಷ್ಟೇ ಅಲ್ಲ. ಆ ಕಾಲದ ಓದಿಕೊಂಡ ಅಧಿಕಾರಿಗಳಿಗೆ ಮಣ್ಣಿನ ಮೇಲೆ ಒಂದು ಬಗೆಯ ವ್ಯಾಮೋಹ. ಹೊಸ ದುಡ್ಡಿನವನು ಹವಳ ತೋರಿಸಲಿ, ನನಗೆ ಮಣ್ಣು ಸಾಕು, ಅನ್ನುವ ಠೀವಿ. ಖಾದಿ ಉಡುವ ಕೋಟ್ಯಧಿಪತಿಗಳನ್ನು ನಾವೂ ಕಂಡಿಲ್ಲವೇ? ಚೆನ್ ಮಾನ್‌ಶೆಂಗ್ ಎಂಬ ಕವಿ, ಮುದ್ರೆ ಕೆತ್ತುವುದರಲ್ಲಿ ಹೆಸರಾದವನು, 19ನೇ ಶತಮಾನದ ಆರಂಭದಲ್ಲಿ ಈಶಿಂಗ್ ಪಕ್ಕದ ಲಿಯಾಂಗ್ ಪ್ರದೇಶಕ್ಕೆ ಅಧಿಕಾರಿಯಾಗಿ ಬಂದ. ಯಾಂಗ್ ಪೆಂಗ್‌ನಿಯೆನ್ ಎಂಬ ಕುಂಬಾರನ ಜೊತೆ ಸೇರಿ ಟೀ ಪಾಟ್‌ಗಳಿಗೆ ಹೊಸ ಹೊಸ ಆಕಾರ ಹುಡುಕಿದ. ಪಾಟಿನ ಮೈಮೇಲೆ ಕವಿಯ ಬರಹ, ತಳದಲ್ಲಿ ಕವಿಯ ಮುದ್ರೆ, ಹಿಡಿಕೆಯ ಕೆಳಗೆ ಸಣ್ಣದಾಗಿ ಕುಂಬಾರನ ಮುದ್ರೆ. ದೇಶ ಯಾವುದಾದರೇನು, ಸಹಿ ಹಾಕುವ ಜಾಗ ಮಾತ್ರ ಎಲ್ಲ ಕಡೆ ಒಂದೇ ಲೆಕ್ಕ.

ನಶ್ಯದ ಶೀಶೆಗಳಲ್ಲಿ ಬಹುಪಾಲಿಗೆ ಈ ಸಣ್ಣ ಮುದ್ರೆಯೂ ಇಲ್ಲ. ಯಾರು ಮಾಡಿದರು, ಯಾವ ವರ್ಷ, ಒಂದೂ ಬರೆದಿಲ್ಲ. ಸಂಗ್ರಹಕಾರರ ಕಷ್ಟ ಶುರುವಾಗುವುದೇ ಇಲ್ಲಿಂದ.

19ನೇ ಶತಮಾನದ ಕೊನೆಗೆ ನಶ್ಯದ ಗ್ರಹಚಾರ ಕೆಟ್ಟಿತು. ಅಫೀಮು ಮೊದಲೇ ಮನೆ ಮಾಡಿತ್ತು, ಹಿಂದೆಯೇ ಸಿಗರೇಟು ಬಂತು. 1911ರಲ್ಲಿ ಚಿಂಗ್ ಸಾಮ್ರಾಜ್ಯ ಕುಸಿದ ಮೇಲೆ ಬಡವಾದ ಮಂಚೂ ಮನೆತನಗಳು ಪೆಟ್ಟಿಗೆಯಲ್ಲಿದ್ದ ಶೀಶೆಗಳನ್ನು ಮಾರಿಕೊಂಡವು. ಕೊಂಡವರಲ್ಲಿ ಬಹಳ ಮಂದಿ ಪಶ್ಚಿಮದವರು. ಅವರಲ್ಲಿ ನಶ್ಯ ಏರಿಸುವವರು ಎಷ್ಟಿದ್ದರೋ. ಪುಡಿ ಹೋಯಿತು, ಡಬ್ಬಿ ಉಳಿಯಿತು. 1960ರಲ್ಲಿ ಲಿಲ್ಲಾ ಪೆರ್ರಿ ಎಂಬ ಅಮೆರಿಕದ ಮಹಿಳೆ ತಮ್ಮ ಸಂಗ್ರಹದ ಸಾಹಸಗಳನ್ನೇ ಪುಸ್ತಕ ಮಾಡಿದರು. 1968ರಲ್ಲಿ ಅಮೆರಿಕದಲ್ಲಿ ಸಂಗ್ರಹಕಾರರದ್ದೇ ಒಂದು ಸಂಘ ಹುಟ್ಟಿತು. ಮೇರಿ ಮತ್ತು ಜಾರ್ಜ್ ಬ್ಲಾಕ್ ದಂಪತಿಯ ಸಂಗ್ರಹ ಹೂ ಮಾಸ್ ಮತ್ತು ಸಂಗಡಿಗರ ಕೈಯಲ್ಲಿ ಏಳು ಸಂಪುಟಗಳ ಸೂಚಿಯಾಯಿತು. 2010ರಿಂದ ಹಾಂಗ್‌ಕಾಂಗ್‌ನಲ್ಲಿ ಆ ಸಂಗ್ರಹ ಕಂತು ಕಂತಾಗಿ ಹರಾಜಾದಾಗ, ಎನಾಮಲ್ ಚಿತ್ರದ ಒಂದು ಗಾಜಿನ ಶೀಶೆ 2011ರಲ್ಲಿ ಎರಡೂವರೆ ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿತು. ನಮ್ಮ ಬೆಂಗಳೂರಿನಲ್ಲಿ ಒಂದೆರಡು ಅಪಾರ್ಟ್‌ಮೆಂಟಲ್ಲ, ಬೀದಿಯ ಅರ್ಧ ಸಾಲೇ ಬರುತ್ತಿತ್ತು ಆ ದುಡ್ಡಿಗೆ. ಮಣ್ಣಿನವು ಆ ಎತ್ತರಕ್ಕೆ ಏರಿಲ್ಲ. ಅದಕ್ಕೇ ನನ್ನಂಥ ಸಂಬಳದವನಿಗೆ ಅವುಗಳ ಮೇಲೆ ಕಣ್ಣು.

ಹಳೆಯದನ್ನು ನೋಡಿದಾಗ ಬುದ್ಧಿ ಹೇಗೆ ಕೆಡುತ್ತದೆ ಅನ್ನುವುದಕ್ಕೆ ಒಂದು ಒಳ್ಳೆ ಪ್ರಸಂಗ ಇದೆ. 19ನೇ ಶತಮಾನದ ಮೊದಲರ್ಧದಲ್ಲಿ ಈಜಿಪ್ಟಿನ ಗೋರಿಗಳಲ್ಲಿ ಸಿಕ್ಕವು ಅಂತ ಕೆಲವು ಪುಟ್ಟ ಚೀನೀ ಪಿಂಗಾಣಿ ಶೀಶೆಗಳು ಮಾರಾಟಕ್ಕೆ ಬಂದವು. ಇಟಲಿಯ ರೊಸೆಲ್ಲಿನಿಯಂಥ ದೊಡ್ಡ ವಿದ್ವಾಂಸರೇ ನಂಬಿದರು. ಫೇರೋಗಳ ಕಾಲದಲ್ಲೇ ಚೀನಾ ಈಜಿಪ್ಟ್ ನಡುವೆ ವ್ಯಾಪಾರವಿತ್ತು ಅಂತ ಚರ್ಚೆ ನಡೆಯಿತು. ಶೀಶೆಯ ಮೇಲೆ ಎರಡು ಸಾಲು ಬರಹವಿತ್ತು. ಚೀನೀ ಬಲ್ಲವರು ಓದಿ ನೋಡಿದರೆ ಟಾಂಗ್ ಕಾಲದ ಪದ್ಯದ ಸಾಲುಗಳು, ಅಂದರೆ ಫೇರೋಗಳ ಯುಗ ಮುಗಿದು ಎಷ್ಟೋ ಶತಮಾನಗಳಾದ ಮೇಲಿನವು. ಫ್ರಾನ್ಸಿನ ಸ್ಟಾನಿಸ್ಲಾಸ್ ಜೂಲಿಯೆನ್ 1856ರ ತನ್ನ ಪಿಂಗಾಣಿ ಗ್ರಂಥದಲ್ಲಿ ಇದನ್ನು ಬಿಡಿಸಿಟ್ಟ. ಯಾರೋ ಜಾಣ ವ್ಯಾಪಾರಿ ಅಗ್ಗದ ಶೀಶೆಗೆ ಮೂರು ಸಾವಿರ ವರ್ಷ ಸೇರಿಸಿ ಮಾರಿದ್ದ, ಅಷ್ಟೇ.

ಇದನ್ನು ಓದಿ ಬಿದ್ದು ಬಿದ್ದು ನಕ್ಕವನು ನಾನು. ಆಮೇಲೆ ಆಫೀಸ್ ಕೆಲಸಕ್ಕೆ ಶಾಂಘೈಗೆ ಹೋದೆ. ಒಂದು ಹಳೇ ಸಾಮಾನಿನ ಸಂತೆಯಲ್ಲಿ ಈ ಶೀಶೆ ಕಣ್ಣಿಗೆ ಬಿತ್ತು. ಅಂಗಡಿಯವನು ಎಂಟುನೂರು ಯುವಾನ್ ಹೇಳಿದ. ನಮ್ಮ ಲೆಕ್ಕದಲ್ಲಿ ಒಂಬತ್ತು ಸಾವಿರ ಚಿಲ್ಲರೆ. ಫೋನಿನಲ್ಲಿ ಅನುವಾದಿಸಿ '200 ವರ್ಷ' ಅಂತ ತೋರಿಸಿದ. ತಳದ ಸಂದಿಯಲ್ಲಿ ಕಂದು ಜಿಡ್ಡು, ಬಾಯಿಯ ಸುತ್ತ ಮಾಸಲು. ಯಾವನೋ ಬಡ ಗುಮಾಸ್ತ ಇದನ್ನು ತೋಳಿನೊಳಗೆ ಇಟ್ಟುಕೊಂಡು ನಡೆದ ಹಾಗೆ ಕಂಡಿತು. ಚೌಕಾಸಿ ಕೂಡ ಮಾಡಲಿಲ್ಲ. ಅಮ್ಮನಿಗೆ ಗೊತ್ತಾದರೆ ಬೈಸಿಕೊಳ್ಳುತ್ತೇನೆ.

ಹೋಟೆಲ್ ರೂಮಿಗೆ ಬಂದ ಮೇಲೆ ಇನ್ನೊಂದು ಹೆದರಿಕೆ. 1911ಕ್ಕೆ ಮುಂಚಿನ ಕಲಾವಸ್ತುಗಳನ್ನು ಸಾಮಾನ್ಯವಾಗಿ ಚೀನಾದಿಂದ ಹೊರಗೆ ಒಯ್ಯುವಂತಿಲ್ಲ. ಶೀಶೆ ನಿಜವಾಗಿ ಹಳೆಯದಾದರೆ ನಾನು ಕಳ್ಳಸಾಗಣೆದಾರ, ಹೊಸದಾದರೆ ದಡ್ಡ. ರಾತ್ರಿಯೆಲ್ಲ ಯೋಚಿಸಿ, ಫೋನಿನ ಟಾರ್ಚ್ ಬಿಟ್ಟು ಒಳಗೆ ನೋಡಿದೆ. ನೂರಾರು ಸಲ ನಶ್ಯ ತುಂಬಿದ ಶೀಶೆಯ ಒಳಗೋಡೆಗೆ ಕಲೆ ಹಿಡಿದಿರಬೇಕಲ್ಲ? ಒಳಗೆ ನೇರಳೆ ಮಣ್ಣು ಮದುಮಗನ ಹಾಗೆ ಶುಭ್ರವಾಗಿತ್ತು. ಶೇವಿಂಗ್ ಕಿಟ್‌ನಲ್ಲಿದ್ದ ಸ್ಪಿರಿಟ್ ಹತ್ತಿಯನ್ನು ತಳಕ್ಕೆ ಒತ್ತಿ ಉಜ್ಜಿದೆ. ಇನ್ನೂರು ವರ್ಷದ ಜಿಡ್ಡು ಹತ್ತಿಗೆ ಬಂತು. ಮೂಸಿದೆ. ಬೂಟ್ ಪಾಲಿಶ್.

ಭಾನುವಾರ ರಜೆ ಇತ್ತು. ಹೊಟ್ಟೆ ಉರಿದು ರೈಲು ಹತ್ತಿ ಈಶಿಂಗ್‌ಗೇ ಹೋದೆ. ಡಿಂಗ್‌ಶು ಪಟ್ಟಣದ ಬೀದಿಗಳಲ್ಲಿ ಎಲ್ಲಿ ನೋಡಿದರೂ ಟೀ ಪಾಟ್ ಅಂಗಡಿ. ನಮ್ಮ ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿ ಇದ್ದ ಹಾಗೆ. ನಕಲು ಮಾಡುವುದು ಈ ಊರಿಗೆ ನಿನ್ನೆ ಮೊನ್ನೆ ಬಂದ ವಿದ್ಯೆಯಲ್ಲ. 1930ರ ದಶಕದಲ್ಲಿ ಶಾಂಘೈನ ಪುರಾತನ ವಸ್ತು ವ್ಯಾಪಾರಿಗಳು ಇಲ್ಲಿನ ಒಳ್ಳೊಳ್ಳೆ ಕುಂಬಾರರನ್ನು ಕರೆಸಿಕೊಂಡು ಹಳೇ ಗುರುಗಳ ಪಾಟ್‌ಗಳನ್ನು ಹಾಗೇ ಮಾಡಿಸುತ್ತಿದ್ದರು. ಹಾಗೆ ಹೋದವರಲ್ಲಿ ಗು ಜಿಂಗ್‌ಜೌ ಕೂಡ ಒಬ್ಬ. ಹುಟ್ಟಿದ್ದು 1915ರಲ್ಲಿ, ಆಗಿನ್ನೂ ಹುಡುಗ. ಹಳಬರ ಕೈಯನ್ನು ಅನುಕರಿಸುತ್ತಲೇ ತನ್ನ ಕೈ ಪಳಗಿಸಿಕೊಂಡು, ಮುಂದೆ 20ನೇ ಶತಮಾನದ ಅತಿ ದೊಡ್ಡ ಈಶಿಂಗ್ ಕುಂಬಾರ ಅನ್ನಿಸಿಕೊಂಡ. ಈಗ ಅವನ ಪಾಟ್‌ಗಳಿಗೆ ಕೋಟಿಗಳಲ್ಲಿ ಬೆಲೆ. ಅವನ ಪಾಟ್‌ಗಳಿಗೂ ನಕಲು ಬಂದಿದೆ.

ಹಳೇ ಬೀದಿಯ ಒಂದು ಚಿಕ್ಕ ಅಂಗಡಿಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಪಾಟಿನ ಮೂತಿಗೆ ನೀರು ಸವರುತ್ತಾ ಕೂತಿದ್ದರು. ಶೀಶೆ ಮುಂದಿಟ್ಟೆ. ಕೈಗೆತ್ತಿಕೊಂಡು ತಿರುಗಿಸಿದರು, ಉಗುರಿನಿಂದ ತಟ್ಟಿ ಕಿವಿಗೆ ಹಿಡಿದರು, ತಳ ಮೂಸಿ ಜೋರಾಗಿ ನಕ್ಕರು. ಬೂಟ್ ಪಾಲಿಶ್ ವಾಸನೆ ಅವರಿಗೆ ಹೊಸದಲ್ಲ ಅಂತ ಕಾಣುತ್ತೆ. ಆಮೇಲೆ ಚಿತ್ರದ ದೋಣಿಯ ಮೇಲೆ ಬೆರಳಿಟ್ಟು ಫೋನಿಗೆ ಏನೋ ಹೇಳಿದರು. ಪರದೆಯಲ್ಲಿ ಬಂತು: 'ಮಣ್ಣು ನಮ್ಮದೇ. ಬರೆದವರ ಕೈ ಚೆನ್ನಾಗಿದೆ. ಹತ್ತು ವರ್ಷದೊಳಗಿನದು.' ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು, ಒಂದು ಲೋಟ ಚಹಾ ಸುರಿದು ಕೊಟ್ಟರು. ಮತ್ತೆ ಫೋನು: 'ನೀವು ನಶ್ಯ ಹಾಕುತ್ತೀರಾ?' ಇಲ್ಲ ಅಂದೆ. 'ಹಾಗಾದರೆ ಇದರಲ್ಲಿ ಏನು ಇಡುತ್ತೀರಿ?'

ಉತ್ತರ ಹೊಳೆಯಲಿಲ್ಲ. ಏರ್‌ಪೋರ್ಟಿನಲ್ಲಿ ಮಾತ್ರ ಎದೆ ಸೆಟೆಸಿಕೊಂಡು ದಾಟಿದೆ. ಹೊಸ ವಸ್ತು, ಯಾರ ಹೆದರಿಕೆ?

ಬೆಂಗಳೂರಿಗೆ ಬಂದ ವಾರವೇ ಊರಿಗೆ ಹೋದೆ. ಅಜ್ಜಿಗೆ ಎಂಬತ್ತಾರು, ಕಿವಿ ಸ್ವಲ್ಪ ಮಂದ, ನೆನಪು ನಮಗಿಂತ ಚುರುಕು. ತಾತನ ಬೆಳ್ಳಿ ಡಬ್ಬಿ ಎಲ್ಲಿ ಅಂತ ಕೇಳಿದೆ. ಮೂಲೆ ಮನೆ ರಿಪೇರಿ ಮಾಡಿಸಿದ ವರ್ಷ ಹಿತ್ತಾಳೆ ಸಾಮಾನಿನ ಜೊತೆ ಅದೂ ಹೋಯಿತಂತೆ. ಕೊಟ್ಟವರು ಯಾರು ಅಂದರೆ, 'ನೀನೇ ಕಣ್ಲಾ, ಗುಜರಿಯೋನಿಗೆ ಚೀಲ ಎತ್ತಾಕ್ದೋನು' ಅಂದರು. ಪಿಯುಸಿ ರಜೆಯಲ್ಲಿ ಅಟ್ಟ ಖಾಲಿ ಮಾಡಿಸಿದ್ದು ಮಬ್ಬಾಗಿ ನೆನಪಾಯಿತು. ಬಂದ ದುಡ್ಡಿನಲ್ಲಿ ನಾನು ಸಿನಿಮಾ ನೋಡಿದ್ದೂ ನೆನಪಾಯಿತು.

ನಾನು ಸುಮ್ಮನೆ ಕೂತಿದ್ದು ನೋಡಿ ಅಜ್ಜಿ, ಅದಕ್ಯಾಕೆ ಅಷ್ಟು ಯೋಚನೆ, ಆ ಡಬ್ಬಿ ನೆಂಟರ ಮನೆಗೆ ಹೋಗುವಾಗ ಮಾತ್ರ, ದಿನಾ ನಶ್ಯ ಇಟ್ಟುಕೊಳ್ಳುತ್ತಿದ್ದದ್ದು ಖಾಲಿ ಅಮೃತಾಂಜನದ ಶೀಶೆಯಲ್ಲಿ ಅಂದರು. ಗಾಜಿನದ್ದು, ತಿರುಪಿನ ಮುಚ್ಚಳ, ತೇವ ಹೋಗುವುದಿಲ್ಲ, ಪಂಚೆ ಗಂಟಿನಲ್ಲಿ ಚೆಲ್ಲುವುದೂ ಇಲ್ಲ. ಚೀನಾದವರು ಮದ್ದಿನ ಅಂಗಡಿಯ ಶೀಶೆ ಹಿಡಿದದ್ದೂ ಇದೇ ಲೆಕ್ಕಕ್ಕೆ. ಆ ಶೀಶೆ ಇದೆಯಾ ಅಂತ ಕೇಳಿದೆ. ಅಜ್ಜಿ ಎದ್ದು, ಗೋಡೆಗೂಡಿಗೆ ಕೈ ಹಾಕಿ ತೆಗೆದರು. ಹೆಸರಿನ ಚೀಟಿ ಯಾವಾಗಲೋ ಉದುರಿಹೋಗಿದೆ. ತಾತನ ಹೆಬ್ಬೆರಳು ಓಡಾಡಿ ಮುಚ್ಚಳದ ಬಣ್ಣ ಒಂದು ಕಡೆ ಸವೆದಿದೆ. ಬಿಚ್ಚಿ ಮೂಗಿಗೆ ಹಿಡಿದೆ, ಎಲ್ಲೋ ತಳದಲ್ಲಿ ಖಾರವಾದ ಒಂದು ಎಳೆ ಇನ್ನೂ ಇತ್ತು, ಅಥವಾ ನನಗೆ ಹಾಗನ್ನಿಸಿತು.

ಇದನ್ನು ನನಗೆ ಕೊಡಜ್ಜಿ, ಬದಲಿಗೆ ಚೀನಾದ್ದು ಕೊಡುತ್ತೇನೆ ಅಂತ ಜೇಬಿನಿಂದ ನನ್ನ ಶೀಶೆ ತೆಗೆದೆ. ಅಜ್ಜಿ ಅದನ್ನು ಅಲ್ಲಾಡಿಸಿ, ಕಣ್ಣು ಕಿರಿದು ಮಾಡಿ ಬಾಯಿಯೊಳಗೆ ಇಣುಕಿ, ವಾಪಸ್ ಕೊಟ್ಟರು.

'ಇದರ ಬಾಯಿ ಸಣ್ಣ. ಅದ್ರಲ್ಲಿ ಸೂಜಿ ಮಡಗಿವ್ನಿ ಕಣ್ಲಾ, ಕೊಡಾಕಿಲ್ಲ.'